ಶಾಲೆ ತಪ್ಪಿದ ಮಗು, ನೆಲೆ ತಪ್ಪಿದ ಕುಟುಂಬ: ಗ್ರಾಮ ಪಂಚಾಯತಿ ಸದಸ್ಯರ ಹೊಣೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪ್ರತಿ ವರ್ಷ ಶಾಲಾ ಪ್ರಾರಂಭೋತ್ಸವದ ದಿನ ಗ್ರಾಮ ಪಂಚಾಯತಿ ಸದಸ್ಯರು ಶಾಲೆಗೆ ತೆರಳಿ ಮಕ್ಕಳನ್ನು ಬರಮಾಡಿಕೊಳ್ಳುವುದು ರೂಢಿಯಲ್ಲಿದೆ. ದಾಖಲಾತಿ ಆಂದೋಲನದ ಜಾಥಾ ನಡೆಯುತ್ತದೆ, ಪಠ್ಯಪುಸ್ತಕ ವಿತರಣೆಯಾಗುತ್ತದೆ. ಆದರೆ ಜೂನ್ ತಿಂಗಳಲ್ಲಿ ದಾಖಲಾದ ಮಗು ಡಿಸೆಂಬರ್ ತಿಂಗಳಲ್ಲಿಯೂ ತರಗತಿಯಲ್ಲಿ ಇದೆಯೇ ಎಂಬ ಪ್ರಶ್ನೆ ಬಹುತೇಕ ಕಡೆ ಶಿಕ್ಷಕರ ಹಾಜರಿ ಪುಸ್ತಕವನ್ನು ದಾಟಿ ಪಂಚಾಯತಿಯ ಸಭೆಗೆ ಬರುವುದಿಲ್ಲ. ಬಂದರೂ ಅದು ಒಂದು ಸಂಖ್ಯೆಯಾಗಿ ಬರುತ್ತದೆಯೇ ಹೊರತು ಒಂದು ಮನೆಯ ಕಷ್ಟವಾಗಿ ಬರುವುದಿಲ್ಲ.

ಮಗು ಶಾಲೆ ತಪ್ಪಿಸುತ್ತಿದೆ ಎಂದರೆ ಸಾಮಾನ್ಯವಾಗಿ ಅದರ ಮನೆಯಲ್ಲಿ ಏನೋ ಕುಸಿದಿದೆ ಎಂದರ್ಥ. ದುಡಿಮೆ ನಿಂತಿರಬಹುದು, ಸಾಲ ಏರಿರಬಹುದು, ತಾಯಿ ಹಾಸಿಗೆ ಹಿಡಿದಿರಬಹುದು, ತಂದೆ ಮನೆ ಬಿಟ್ಟಿರಬಹುದು. ಆ ಕುಸಿತವನ್ನು ಸರಿಪಡಿಸದೆ ಮಗುವನ್ನು ಮಾತ್ರ ಕರೆತಂದು ಬೆಂಚಿನ ಮೇಲೆ ಕೂರಿಸಿದರೆ ಅದು ವಾರದೊಳಗೆ ಮತ್ತೆ ಹೊರಗುಳಿಯುತ್ತದೆ. ಆದುದರಿಂದ ಮಗುವಿನ ಜೊತೆಗೆ ಕುಟುಂಬಕ್ಕೂ ಆಸರೆ ದೊರೆಯಬೇಕು. ಇದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಹೇಗೆ ಸಾಧಿಸಬಹುದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಕಾನೂನು ಯಾರಿಗೆ ಹೊಣೆ ವಹಿಸಿದೆ

ಶಾಲೆ ಬಿಟ್ಟ ಮಕ್ಕಳ ವಿಷಯ ಶಿಕ್ಷಣ ಇಲಾಖೆಗೆ ಮಾತ್ರ ಸೇರಿದ್ದು ಎಂಬ ತಿಳಿವಳಿಕೆ ಸರಿಯಲ್ಲ. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ ಇವೆಲ್ಲವೂ ಇವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 58ನೇ ಪ್ರಕರಣವು ಪ್ರಾಥಮಿಕ ಶಾಲೆಗೆ ಎಲ್ಲ ಮಕ್ಕಳ ದಾಖಲಾತಿಯನ್ನು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಅದರ 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಅವುಗಳಲ್ಲಿ ಮೂರನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿನಲ್ಲಿಡಬೇಕು. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡುವುದು ಮೊದಲನೆಯದು. ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಪ್ರಾಥಮಿಕ ಶಿಕ್ಷಣದ ಪೂರ್ಣತೆಯನ್ನು ಖಚಿತಪಡಿಸಿ ಮೇಲ್ವಿಚಾರಣೆ ಮಾಡುವುದು ಎರಡನೆಯದು. ವಲಸೆ ಬಂದ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಮೂರನೆಯದು.

ಅದೇ ಕಾಯ್ದೆಯ ಇನ್ನೂ ಕೆಲವು ಅಂಶಗಳು ಸದಸ್ಯರಿಗೆ ಕ್ಷೇತ್ರದಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ವಯಸ್ಸಿನ ಪ್ರಮಾಣಪತ್ರ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಕಲಿಕೆಯನ್ನು ತುಂಬಿಕೊಡಲು ವಿಶೇಷ ತರಬೇತಿ ನೀಡಬೇಕು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನಿಷಿದ್ಧ. ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡು ವಿಚಾರಣೆ ನಡೆಸಿತೆಂಬುದನ್ನು ಗಮನಿಸಿದರೆ ಈ ಹೊಣೆಯ ತೂಕ ಅರಿವಾಗುತ್ತದೆ.

2. ಗೈರುಹಾಜರಿಯನ್ನು ಓದುವ ಕ್ರಮ

ಶಾಲೆ ಬಿಡುವುದು ಒಂದೇ ದಿನದಲ್ಲಿ ನಡೆಯುವ ಸಂಗತಿಯಲ್ಲ. ಮೊದಲು ಸಂತೆಯ ದಿನ ತಪ್ಪುತ್ತದೆ, ಬಳಿಕ ವಾರಕ್ಕೆ ಎರಡು ದಿನ, ಆಮೇಲೆ ಕಟಾವಿನ ಹದಿನೈದು ದಿನ. ಓದು ಹಿಂದೆ ಬಿದ್ದ ಮಗು ತರಗತಿಗೆ ಮರಳಲು ನಾಚುತ್ತದೆ. ಕೊನೆಗೆ ಹೆಸರು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ. ಆದುದರಿಂದ ಮಗು ಸತತವಾಗಿ ಏಳು ದಿನ ಶಾಲೆಗೆ ಬಾರದಿದ್ದರೆ ಮನೆಗೆ ಭೇಟಿ ನೀಡಬೇಕೆಂಬುದನ್ನು ಗ್ರಾಮ ಪಂಚಾಯತಿಯು ತನ್ನ ನಿಯಮವಾಗಿ ಇಟ್ಟುಕೊಳ್ಳುವುದು ಒಳಿತು. ಏಳನೆಯ ದಿನ ಬಗೆಹರಿಯುವ ತೊಂದರೆ ಎಪ್ಪತ್ತನೆಯ ದಿನ ಬಗೆಹರಿಯುವುದು ಕಷ್ಟ.

ಗೈರುಹಾಜರಿಯ ರೀತಿಯೇ ಕಾರಣದ ಸುಳಿವು ನೀಡುತ್ತದೆ. ಒಂದೇ ಕೇರಿಯ ಹಲವು ಮಕ್ಕಳು ಒಂದೇ ವಾರದಲ್ಲಿ ಬಾರದಿದ್ದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕೆಲಸ ಆರಂಭವಾಗಿರಬಹುದು, ಇಲ್ಲವೇ ಕುಟುಂಬಗಳು ಗುಳೆ ಹೊರಟಿರಬಹುದು. ಮನೆಯ ಹಿರಿಯ ಮಗಳು ಮಾತ್ರ ಬಾರದೆ ತಮ್ಮಂದಿರು ಬರುತ್ತಿದ್ದರೆ ಆಕೆ ಕೂಸನ್ನು ನೋಡಿಕೊಳ್ಳುತ್ತಿರುವ ಅಥವಾ ಕಾಯಿಲೆಯವರ ಆರೈಕೆಯಲ್ಲಿರುವ ಸಾಧ್ಯತೆ ಹೆಚ್ಚು. ಎಂಟನೇ ತರಗತಿ ಮುಗಿದ ಬಾಲಕಿ ಒಂಬತ್ತಕ್ಕೆ ಸೇರದಿದ್ದರೆ ದೂರದ ಪ್ರೌಢಶಾಲೆ, ಬಸ್ಸಿನ ಕೊರತೆ ಅಥವಾ ಮದುವೆಯ ಮಾತುಕತೆ ಕಾರಣವಾಗಿರಬಹುದು. ಮನೆಯಿಂದ ಚೀಲ ಹೊತ್ತು ಹೊರಟ ಮಗು ಶಾಲೆ ತಲುಪದೆ ಕೆರೆಯ ಏರಿಯ ಮೇಲೋ ಬಸ್ ನಿಲ್ದಾಣದಲ್ಲೋ ಕಾಲ ಕಳೆಯುತ್ತಿದ್ದರೆ ಶಾಲೆಯಲ್ಲಿಯೇ ಅದಕ್ಕೆ ಹೆದರಿಕೆಯ ಕಾರಣವಿರಬಹುದು. ಕಾರಣ ಬೇರೆಯಾದಂತೆ ಪರಿಹಾರವೂ ಬೇರೆ. ಎಲ್ಲರಿಗೂ ಒಂದೇ ಎಚ್ಚರಿಕೆ ಪತ್ರ ಕಳುಹಿಸುವುದರಿಂದ ಪ್ರಯೋಜನವಿಲ್ಲ.

3. ಒಂದು ಮಾದರಿ ಪ್ರಕರಣ

ಕಲಿಕೆಗಾಗಿ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಏಳನೇ ತರಗತಿಯ ಹನ್ನೆರಡು ವರ್ಷದ ಬಾಲಕಿ ಮೂರು ವಾರಗಳಿಂದ ಶಾಲೆಗೆ ಬಂದಿಲ್ಲ. ತಂದೆ ತೀರಿಕೊಂಡಿದ್ದಾರೆ. ತಾಯಿ ಕೂಲಿಗೆ ಹೋಗುತ್ತಾರೆ. ಎರಡು ವರ್ಷದ ತಮ್ಮನನ್ನು ಹಗಲು ಹೊತ್ತು ನೋಡಿಕೊಳ್ಳುವುದು ಬಾಲಕಿಯ ಪಾಲಿಗೆ ಬಂದಿದೆ. ಜೊತೆಗೆ ವಾಸಿಸುವ ಅಜ್ಜಿಗೆ ಕಣ್ಣು ಮಂದವಾಗಿದೆ.

ಮೊದಲ ಪ್ರಯತ್ನದಲ್ಲಿ ನಾಲ್ಕಾರು ಜನ ಒಟ್ಟಾಗಿ ಮನೆಯ ಮುಂದೆ ನಿಂತು, ಮಗಳನ್ನು ಕಳುಹಿಸದಿದ್ದರೆ ಪಡಿತರ ನಿಲ್ಲುತ್ತದೆ ಎಂದು ಹೇಳುತ್ತಾರೆ. ತಾಯಿ ಹೆದರಿ ಮರುದಿನ ಮಗಳನ್ನು ಕಳುಹಿಸಿ, ಕೂಸಿಗಾಗಿ ತಾನು ಕೂಲಿ ಬಿಡುತ್ತಾರೆ. ನಾಲ್ಕನೆಯ ದಿನ ಮನೆಯಲ್ಲಿ ಹಿಟ್ಟು ಮುಗಿಯುತ್ತದೆ. ಐದನೆಯ ದಿನ ಬಾಲಕಿ ಮತ್ತೆ ಮನೆಯಲ್ಲಿರುತ್ತಾಳೆ. ಆ ಮೇಲೆ ಪಂಚಾಯತಿಯವರು ಬಂದರೆ ಬಾಗಿಲು ತೆರೆಯುವುದಿಲ್ಲ. ಪಡಿತರ ನಿಲ್ಲಿಸುವ ಬೆದರಿಕೆಗೆ ಕಾನೂನಿನ ಆಧಾರವೂ ಇರಲಿಲ್ಲ.

ಎರಡನೆಯ ಪ್ರಯತ್ನದಲ್ಲಿ ವಾರ್ಡಿನ ಮಹಿಳಾ ಸದಸ್ಯರು ಮತ್ತು ಅಂಗನವಾಡಿ ಕಾರ್ಯಕರ್ತೆ ಇಬ್ಬರೇ, ತಾಯಿ ಕೂಲಿಯಿಂದ ಮರಳಿದ ಮೇಲೆ ಸಂಜೆ ಹೋಗುತ್ತಾರೆ. “ಮಗಳನ್ನು ಯಾಕಮ್ಮ ಕಳಿಸಿಲ್ಲ?” ಎಂದು ಕೇಳುವ ಬದಲು “ಹಗಲು ಹೊತ್ತು ಕೂಸನ್ನು ಯಾರು ನೋಡಿಕೊಳ್ತಾರಮ್ಮ?” ಎಂದು ಕೇಳುತ್ತಾರೆ. ಅರ್ಧ ಗಂಟೆಯ ಮಾತಿನಲ್ಲಿ ನಾಲ್ಕು ಅಂಶಗಳು ತಿಳಿಯುತ್ತವೆ. ಕೂಸಿಗೆ ಹಗಲು ಆಸರೆಯಿಲ್ಲ. ತಾಯಿಯ ವಿಧವಾ ವೇತನಕ್ಕೆ ಅರ್ಜಿ ಸಲ್ಲಿಕೆಯಾಗಿಲ್ಲ. ಅಜ್ಜಿಯ ಕಣ್ಣಿನ ತಪಾಸಣೆ ಆಗಿಲ್ಲ. ಸ್ವಸಹಾಯ ಸಂಘದ ಸಾಲದ ಕಂತು ಬಾಕಿಯಿದೆ.

ಇನ್ನು ಪ್ರತಿ ಅಂಶಕ್ಕೂ ಒಂದು ದಾರಿ ಇದೆ. ಪಂಚಾಯತಿಯಲ್ಲಿ ‘ಕೂಸಿನ ಮನೆ’ ನಡೆಯುತ್ತಿದ್ದರೆ ಕೂಸನ್ನು ಅಲ್ಲಿ ಸೇರಿಸಿ, ತಾಯಿಗೆ ಉದ್ಯೋಗ ಖಾತರಿಯ ಕೆಲಸವನ್ನು ಊರಿನಲ್ಲಿಯೇ ಒದಗಿಸಬಹುದು. ವಿಧವಾ ವೇತನದ ಅರ್ಜಿಯನ್ನು ನಾಡಕಚೇರಿಗೆ ಸಲ್ಲಿಸಲು ಸದಸ್ಯರೇ ಜೊತೆಯಲ್ಲಿ ಹೋಗಬಹುದು. ಅಜ್ಜಿಯ ತಪಾಸಣೆಗೆ ಆಶಾ ಕಾರ್ಯಕರ್ತೆ ದಿನ ಗೊತ್ತುಪಡಿಸಬಹುದು. ಕಂತಿನ ವಿಷಯವನ್ನು ಸಂಘದ ಪ್ರತಿನಿಧಿಯೊಡನೆ ಮಾತನಾಡಿ ಮುಂದೂಡಿಸಬಹುದು. ತಪ್ಪಿದ ಪಾಠಗಳನ್ನು ತುಂಬಿಕೊಡುವ ಬಗ್ಗೆ ಮುಖ್ಯ ಶಿಕ್ಷಕರು ಒಪ್ಪಿಕೊಳ್ಳಬಹುದು. ಇವುಗಳಲ್ಲಿ ಹೊಸ ಅನುದಾನ ಬೇಡುವ ಕೆಲಸ ಒಂದೂ ಇಲ್ಲ. ಚದುರಿಹೋಗಿರುವ ಸೌಲಭ್ಯಗಳನ್ನು ಒಂದು ಮನೆಯ ಬಾಗಿಲಿಗೆ ಒಟ್ಟುಗೂಡಿಸುವುದೇ ಇಲ್ಲಿ ನಡೆದ ಕೆಲಸ. ಸಮಾಜ ಕಾರ್ಯ ಎಂದರೆ ಬಹುಮಟ್ಟಿಗೆ ಇದೇ.

4. ಆರ್ಥಿಕ ನೆರವು: ಪ್ರಾಯೋಜಕತ್ವ

ಮೇಲಿನಂತಹ ಕುಟುಂಬಕ್ಕೆ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವದ ನೆರವೂ ದೊರೆಯಬಹುದು. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡಲು ಇದರಲ್ಲಿ ಅವಕಾಶವಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿರುವ ಮಕ್ಕಳು, ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳು, ತಂದೆತಾಯಿ ಪ್ರಾಣಾಪಾಯದ ಕಾಯಿಲೆಯಿಂದ ಅಥವಾ ಅಶಕ್ತತೆಯಿಂದ ಮಕ್ಕಳನ್ನು ಸಾಕಲಾರದ ಸ್ಥಿತಿಯಲ್ಲಿರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿಯು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ.

ಮಗು ತನ್ನ ಮನೆಯಲ್ಲಿಯೇ ಬೆಳೆಯಲೆಂಬುದು ಈ ನೆರವಿನ ಹಿಂದಿರುವ ಆಶಯ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015 ತನ್ನ ಮೂಲ ತತ್ತ್ವಗಳಲ್ಲಿ, ಮಗುವನ್ನು ಬಾಲಮಂದಿರದಂತಹ ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎಂದು ಹೇಳುತ್ತದೆ. ಆದುದರಿಂದ “ಬಡವರ ಮಗು, ಎಲ್ಲಾದರೂ ಆಶ್ರಮಕ್ಕೆ ಸೇರಿಸಿಬಿಡಿ” ಎಂಬ ಸಲಹೆಯನ್ನು ಸದಸ್ಯರು ನೀಡಬಾರದು. ಮನೆಯನ್ನು ನಿಲ್ಲಿಸಲು ಸಾಧ್ಯವಿರುವ ತನಕ ಮಗುವನ್ನು ಮನೆಯಿಂದ ಬೇರ್ಪಡಿಸುವ ಮಾತು ಬೇಡ.

5. ಗುಳೆ ಹೋಗುವ ಕುಟುಂಬಗಳು

ಕಲ್ಯಾಣ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮಳೆಗಾಲದ ಕೆಲಸ ಮುಗಿದೊಡನೆ ಗುಳೆ ಆರಂಭವಾಗುತ್ತದೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಕಬ್ಬು ಕಡಿಯಲು, ಇನ್ನು ಕೆಲವರು ಇಟ್ಟಿಗೆ ಭಟ್ಟಿಗೆ ತೆರಳುತ್ತಾರೆ. ಮೇಸ್ತ್ರಿಯು ಮುಂಗಡ ಹಣ ಕೊಟ್ಟ ದಿನವೇ ಗುಳೆ ನಿರ್ಧಾರವಾಗಿಬಿಡುತ್ತದೆ. ಟ್ರ್ಯಾಕ್ಟರ್ ಹೊರಟ ಮೇಲೆ ಪಂಚಾಯತಿ ಮಾಡಬಹುದಾದದ್ದು ಕಡಿಮೆ. ಅದಕ್ಕೆ ಮೊದಲು ಮಾಡಬಹುದಾದದ್ದು ಬಹಳಷ್ಟಿದೆ.

ಮೊದಲನೆಯದಾಗಿ, ಗುಳೆಯ ಕಾಲಕ್ಕೆ ಮುಂಚೆಯೇ ಉದ್ಯೋಗ ಖಾತರಿಯ ಬೇಡಿಕೆಯನ್ನು ಕೇರಿಗೆ ಹೋಗಿ ಪಡೆಯಬೇಕು. ಕೆಲಸ ಕೋರಿದ 15 ದಿನಗಳೊಳಗೆ ಕೆಲಸ ನೀಡಬೇಕೆಂಬ ನಿಯಮ ಪಾಲನೆಯಾದರೆ ಮಾತ್ರ ಕುಟುಂಬವು ಮುಂಗಡವನ್ನು ನಿರಾಕರಿಸುವ ಧೈರ್ಯ ಮಾಡುತ್ತದೆ.

ಎರಡನೆಯದಾಗಿ, ಹೋಗಲೇಬೇಕಾದ ಕುಟುಂಬದ ಮಕ್ಕಳನ್ನು ಊರಿನಲ್ಲಿ ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳಬೇಕು. ಅಜ್ಜ ಅಜ್ಜಿಯರ ಮನೆ, ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯ, ಸಮಗ್ರ ಶಿಕ್ಷಣದಡಿ ನಡೆಯುವ ಋತುಮಾನ ವಸತಿ ವ್ಯವಸ್ಥೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ತಂದೆತಾಯಿಯ ಒಪ್ಪಿಗೆಯಿಂದ ತೀರ್ಮಾನಿಸಬೇಕು. ಅಜ್ಜಿಯ ಜೊತೆ ಬಿಟ್ಟುಹೋದ ಮಗುವನ್ನು ವಾರಕ್ಕೊಮ್ಮೆ ಯಾರು ನೋಡಿಬರುತ್ತಾರೆ ಎಂಬುದೂ ಆಗಲೇ ನಿಶ್ಚಯವಾಗಬೇಕು.

ಮೂರನೆಯದಾಗಿ, ಮಗು ತಂದೆತಾಯಿಯೊಡನೆ ಹೋಗುವುದೇ ಆದರೆ ಎಲ್ಲಿಗೆ, ಯಾವ ಮೇಸ್ತ್ರಿಯೊಡನೆ, ಎಷ್ಟು ಕಾಲ ಎಂಬುದನ್ನು ಬರೆದಿಟ್ಟುಕೊಂಡು, ತಂದೆಯ ಮೊಬೈಲ್ ಸಂಖ್ಯೆಯನ್ನೂ ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆಯನ್ನೂ ಮುಖ್ಯ ಶಿಕ್ಷಕರ ಮೂಲಕ ಅಲ್ಲಿನ ಸಮೂಹ ಸಂಪನ್ಮೂಲ ವ್ಯಕ್ತಿಗೆ ತಲುಪಿಸಬೇಕು. ಪಡಿತರವನ್ನು ಹೋದ ಊರಿನಲ್ಲಿಯೂ ಪಡೆಯಬಹುದೆಂಬ ತಿಳಿವಳಿಕೆಯನ್ನು ಕುಟುಂಬಕ್ಕೆ ನೀಡಬೇಕು.

ಗುಳೆ ಬರುವ ಕಡೆಯ ಪಂಚಾಯತಿಗೂ ಅಷ್ಟೇ ಹೊಣೆಯಿದೆ. ಕಬ್ಬಿನ ಗದ್ದೆಯ ಬದಿಯ ಗುಡಿಸಲು, ಭಟ್ಟಿಯ ಪಕ್ಕದ ಶೆಡ್, ಊರ ಹೊರಗೆ ಅಲೆಮಾರಿ ಕುಟುಂಬಗಳು ಹಾಕಿಕೊಂಡ ಗುಡಾರ ಇವೆಲ್ಲವೂ ಪಂಚಾಯತಿಯ ವ್ಯಾಪ್ತಿಯೊಳಗೇ ಇವೆ. ಅಲ್ಲಿರುವ ಮಕ್ಕಳು “ನಮ್ಮ ಊರಿನವರಲ್ಲ” ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಅವರ ಪಟ್ಟಿ ಮಾಡಿ, ಹತ್ತಿರದ ಶಾಲೆಗೆ ಸೇರಿಸಬೇಕು. ಶಾಲೆ ದೂರವಿದ್ದರೆ ಟೆಂಟ್ ಶಾಲೆಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಬೇಕು. ಪಡೆದ ಮುಂಗಡ ತೀರುವ ತನಕ ಕೆಲಸ ಬಿಟ್ಟು ಹೋಗದಂತೆ ಕುಟುಂಬವನ್ನು ತಡೆಹಿಡಿದಿರುವುದು ಕಂಡುಬಂದರೆ ಅದು ಜೀತ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಂತೆ ಕ್ರಮಕ್ಕಾಗಿ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಗಮನಕ್ಕೆ ಒಡನೆ ತರಬೇಕು.

6. ದುಡಿಯುತ್ತಿರುವ ಮಗು

14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದೆ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ನೇಮಿಸುವಂತಿಲ್ಲ. ಮಗು ಮನೆಯವರಿಗೆ ನೆರವಾಗಬಹುದಾದರೂ ಅದು ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ. ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಗ್ಯಾರೇಜು, ಹೋಟೆಲು, ದಾಬಾಗಳಲ್ಲಿ ಮಗು ಕಂಡರೆ ಸದಸ್ಯರು ಮಾಲೀಕನೊಡನೆ ರಾಜಿ ಮಾಡಿಸಲು ಹೋಗದೆ ಕಾರ್ಮಿಕ ನಿರೀಕ್ಷಕರಿಗೂ ಮಕ್ಕಳ ಸಹಾಯವಾಣಿಗೂ ತಿಳಿಸಬೇಕು. ಆ ಮಗುವಿನ ದುಡಿಮೆಯಿಂದ ಮನೆ ನಡೆಯುತ್ತಿದ್ದರೆ, ಬಿಡುಗಡೆಯಾದ ದಿನವೇ ಮನೆಯ ಆದಾಯದ ಪ್ರಶ್ನೆಯೂ ಎದ್ದುನಿಲ್ಲುತ್ತದೆ. ಅದನ್ನು ಮೂರನೆಯ ಭಾಗದಲ್ಲಿ ಹೇಳಿದ ಕ್ರಮದಲ್ಲಿಯೇ ನಿಭಾಯಿಸಬೇಕು.

7. ನೆಲೆಯಿಲ್ಲದ ಮಗು ಕಂಡಾಗ

ಜಾತ್ರೆ, ಸಂತೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಒಂಟಿಯಾಗಿ ಉಳಿದ ಮಗು ಕಂಡುಬರುತ್ತದೆ. ಮನೆಯಾಗಲಿ ನಿಶ್ಚಿತ ವಾಸಸ್ಥಳವಾಗಲಿ ಜೀವನೋಪಾಯವಾಗಲಿ ಇಲ್ಲದ ಮಗು, ಭಿಕ್ಷೆ ಬೇಡುವ ಅಥವಾ ಬೀದಿಯಲ್ಲಿ ವಾಸಿಸುವ ಮಗು ಬಾಲನ್ಯಾಯ ಕಾಯ್ದೆಯಂತೆ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು. ಈ ರಕ್ಷಣೆ 18 ವರ್ಷ ತುಂಬುವವರೆಗೆ ಅನ್ವಯಿಸುತ್ತದೆ.

ಅಂತಹ ಮಗುವಿಗೆ ಮೊದಲು ನೀರು, ಊಟ, ಕೂರಲು ಜಾಗ ಕೊಡಬೇಕು. 1098 ಸಹಾಯವಾಣಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಗೆ ದಂಡಾಧಿಕಾರಿಯ ಅಧಿಕಾರವಿದೆ. ಕಂಡ ಮಗುವನ್ನು ದಯೆಯಿಂದಲೇ ಆದರೂ ಮನೆಗೆ ಕರೆದೊಯ್ದು ದಿನಗಟ್ಟಲೆ ಇರಿಸಿಕೊಳ್ಳುವುದು ತಪ್ಪು. ಮಕ್ಕಳಿಲ್ಲದ ದಂಪತಿಗೆ ಒಪ್ಪಿಸಿಬಿಡುವುದು ಇನ್ನೂ ದೊಡ್ಡ ತಪ್ಪು.

ಸಮಿತಿಯು ಸಾಮಾಜಿಕ ತನಿಖೆಗೆ ಆದೇಶಿಸಿದಾಗ ಅದು 15 ದಿನಗಳಲ್ಲಿ ಮುಗಿಯಬೇಕು. ಮಗುವಿನ ಮನೆ ನಮ್ಮ ವ್ಯಾಪ್ತಿಯಲ್ಲಿದ್ದರೆ ತನಿಖೆಗೆ ಬರುವ ಸಮಾಜ ಕಾರ್ಯಕರ್ತರಿಗೆ ವಾರ್ಡ್ ಸದಸ್ಯರು ನೀಡುವ ಮಾಹಿತಿ ಬಹಳ ಮುಖ್ಯವಾದುದು. ಮಗು ಮನೆ ಬಿಟ್ಟು ಹೋಗಲು ಕಾರಣವೇನು, ಅದನ್ನು ಅಲ್ಲಿಗೇ ಮರಳಿಸುವುದು ಕ್ಷೇಮವೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಡೆತಕ್ಕೆ ಹೆದರಿ ಓಡಿದ ಮಗುವನ್ನು ಅದೇ ಹೊಡೆತಕ್ಕೆ ಮರಳಿಸಿದರೆ ಅದು ಮತ್ತೆ ಓಡುತ್ತದೆ.

ಊರಿನ ಮಗುವೇ ಕಾಣೆಯಾದಾಗ ಒಂದೆರಡು ದಿನ ಕಾಯುವುದು ಬೇಡ. ಕಾಣೆಯಾದ ಮಗುವಿನ ದೂರನ್ನು ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ನಿರ್ದೇಶಿಸಿದೆ. ಸದಸ್ಯರು ಪಾಲಕರ ಜೊತೆ ಠಾಣೆಗೆ ಹೋಗಬೇಕು.

8. ಮಾಡಬಾರದ ಕೆಲಸಗಳು

ಮಗುವಿನ ಛಾಯಾಚಿತ್ರವನ್ನಾಗಲಿ ಹೆಸರನ್ನಾಗಲಿ ವಾಟ್ಸಾಪ್ ಗುಂಪಿನಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಪ್ರಕಟಿಸಬಾರದು. ಬಾಲನ್ಯಾಯ ಕಾಯ್ದೆಯ 74ನೇ ಪ್ರಕರಣದಂತೆ ಇಂತಹ ಮಗುವಿನ ಗುರುತು ಬಹಿರಂಗಪಡಿಸಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗ್ರಾಮಸಭೆಯಲ್ಲಿ ತಂದೆತಾಯಿಯ ಹೆಸರು ಕೂಗಿ ಅವಮಾನಿಸಬಾರದು. ಲೈಂಗಿಕ ದೌರ್ಜನ್ಯದ ಶಂಕೆ ಬಂದರೆ ಮಗುವನ್ನು ಹಲವರು ಹಲವು ಬಾರಿ ಪ್ರಶ್ನಿಸಬಾರದು. ಪೋಕ್ಸೋ ಕಾಯ್ದೆ 2012ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗಿದ್ದು, ತಿಳಿಸದಿರುವುದೇ ಅಪರಾಧ. ಬಾಲ್ಯವಿವಾಹದ ಮಾತುಕತೆ ತಿಳಿದಾಗ “ಅವರ ಮನೆಯ ವಿಷಯ” ಎಂದು ಸುಮ್ಮನಿರಬಾರದು. 2016ರ ಕರ್ನಾಟಕ ತಿದ್ದುಪಡಿಯಂತೆ ಅಂತಹ ವಿವಾಹ ಆರಂಭದಿಂದಲೇ ಅಸಿಂಧು.

9. ಪಂಚಾಯತಿಯಲ್ಲಿ ಆಗಬೇಕಾದ ವ್ಯವಸ್ಥೆ

ಸದಸ್ಯರೊಬ್ಬರ ಕಳಕಳಿ ಅವರ ಅವಧಿಯೊಡನೆ ಮುಗಿಯುತ್ತದೆ. ವ್ಯವಸ್ಥೆಯಾದರೆ ಉಳಿಯುತ್ತದೆ. ಇದಕ್ಕಾಗಿ ಮಕ್ಕಳ ಒಂದು ವಹಿಯನ್ನು ತೆರೆಯಬಹುದು. ಮಗುವಿನ ವಯಸ್ಸು, ತರಗತಿ, ಕೊನೆಯದಾಗಿ ಶಾಲೆಗೆ ಬಂದ ದಿನ, ಮನೆ ಭೇಟಿಯ ದಿನ, ತಿಳಿದುಬಂದ ಕಾರಣ, ಕುಟುಂಬಕ್ಕೆ ಬೇಕಾದ ನೆರವು, ಅದನ್ನು ಮಾಡಿಸುವ ಹೊಣೆ ಹೊತ್ತವರ ಹೆಸರು, ಮುಂದಿನ ಭೇಟಿಯ ದಿನ ಎಂಬ ಎಂಟು ಅಂಕಣಗಳು ಸಾಕು. ಇವುಗಳಲ್ಲಿ ಏಳನೆಯ ಅಂಕಣ ಖಾಲಿ ಉಳಿಯಬಾರದು. ಹೊಣೆ ಯಾರದೆಂದು ಬರೆಯದ ಕೆಲಸ ಆಗುವುದಿಲ್ಲ. ಈ ವಹಿ ಪಂಚಾಯತಿ ಕಾರ್ಯಾಲಯದ ಬೀರುವಿನಲ್ಲಿರಬೇಕು. ಸೂಚನಾ ಫಲಕಕ್ಕೆ ಹೋಗಬಾರದು.

ಸಾಮಾಜಿಕ ನ್ಯಾಯ ಸಮಿತಿಯು ತಿಂಗಳಿಗೊಮ್ಮೆ ಈ ವಹಿಯನ್ನು ಪರಿಶೀಲಿಸಬಹುದು. ಗ್ರಾಮ ಮಟ್ಟದ ಮಕ್ಕಳ ಕಲ್ಯಾಣ ಮತ್ತು ರಕ್ಷಣಾ ಸಮಿತಿಯ ಸಭೆಗೆ ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಬರುವಂತೆ ಮಾಡಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡುಗಳ ಬೇಡಿಕೆಯ ಜೊತೆಗೆ ತಮ್ಮ ಜೊತೆಗಾರರು ಏಕೆ ಬರುತ್ತಿಲ್ಲವೆಂಬುದನ್ನೂ ಹೇಳಬಲ್ಲರು. ಹೆಸರು ಹೇಳದೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಅವಕಾಶ ನೀಡಿದರೆ ದೊಡ್ಡವರಿಗೆ ತಿಳಿಯದ ಸಂಗತಿಗಳು ಹೊರಬರುತ್ತವೆ. ಕೂಸಿನ ಮನೆ, ಗ್ರಂಥಾಲಯದ ಸಂಜೆ ಓದು, ಪ್ರೌಢಶಾಲೆಯ ದಾರಿಯ ದೀಪ ಇಂತಹ ಅಗತ್ಯಗಳು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಸೇರಬೇಕು.

ಮಗು ಶಾಲೆಗೆ ಮರಳಿದ ದಿನ ಪ್ರಕರಣ ಮುಗಿಯಿತೆಂದು ಬರೆಯಬಾರದು. ಮರಳಿದ ನಂತರದ ಮೂರು ತಿಂಗಳು, ತಿಂಗಳಿಗೊಂದು ಭೇಟಿ ಇರಲಿ. ಹಾಜರಾತಿ ನಿಂತಿದೆಯೇ ಎಂಬುದರ ಜೊತೆಗೆ ಮನೆಯ ಒಲೆ ಉರಿಯುತ್ತಿದೆಯೇ ಎಂಬುದನ್ನೂ ನೋಡಬೇಕು.

ಸದಸ್ಯರ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಪಂಚಾಯತಿಯ ಶಾಲೆಗಳಲ್ಲಿ ಈ ದಿನ ಸತತ ಏಳು ದಿನಗಳಿಂದ ಬಾರದ ಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಮನೆಗಳಿಗೆ ಭೇಟಿ ನೀಡಲಾಗಿದೆ?

2. ಕಳೆದ ವರ್ಷ ಗುಳೆ ಹೋದ ಕುಟುಂಬಗಳು ಯಾವ ತಿಂಗಳಲ್ಲಿ ಮುಂಗಡ ಪಡೆದವು? ಆ ತಿಂಗಳಲ್ಲಿ ಉದ್ಯೋಗ ಖಾತರಿಯ ಕೆಲಸ ಊರಿನಲ್ಲಿ ನಡೆಯುತ್ತಿತ್ತೇ?

3. ನಮ್ಮ ವ್ಯಾಪ್ತಿಯಲ್ಲಿ ಗುಡಾರ, ಶೆಡ್ಡುಗಳಲ್ಲಿ ವಾಸಿಸುವ ಮಕ್ಕಳ ಪಟ್ಟಿ ಇದೆಯೇ?

4. ಪ್ರಾಯೋಜಕತ್ವಕ್ಕೆ ಅರ್ಹರಾಗಿದ್ದೂ ಅರ್ಜಿ ಸಲ್ಲಿಸದ ಕುಟುಂಬಗಳು ಪ್ರತಿ ವಾರ್ಡಿನಲ್ಲಿ ಯಾವುವು?

5. ಮೂರನೆಯ ಭಾಗದ ಮಾದರಿ ಪ್ರಕರಣದಲ್ಲಿ ‘ಕೂಸಿನ ಮನೆ’ ಇಲ್ಲದ ಪಂಚಾಯತಿಯಾಗಿದ್ದರೆ ಆ ಬಾಲಕಿಯನ್ನು ಶಾಲೆಗೆ ಮರಳಿಸುವ ದಾರಿ ಯಾವುದು?

ಐದನೆಯ ಪ್ರಶ್ನೆಗೆ ಪ್ರತಿ ಸದಸ್ಯರೂ ಲಿಖಿತ ಉತ್ತರ ಸಿದ್ಧಪಡಿಸಿಕೊಂಡು ಮುಂದಿನ ಸಾಮಾನ್ಯ ಸಭೆಗೆ ಬರುವುದು. ಅಂತಹ ಮನೆ ಬಹುತೇಕ ಎಲ್ಲ ವಾರ್ಡುಗಳಲ್ಲಿಯೂ ಒಂದಾದರೂ ಇರುತ್ತದೆ.